ಸೊಂಟದ ಡಿಸ್ಕ್ ಜಾರಿಕೆ: ರೋಗಜ್ಞಾನ ಮತ್ತು ಚಿಕಿತ್ಸೆಯ ಇತಿಹಾಸ

ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತನೆಯ ಬಿಲ್ಲೆಯೇ ಡಿಸ್ಕ್. ಹೊರಗಿನ ನಾರಿನ ಸುತ್ತು ಸಡಿಲಗೊಂಡು ಅಥವಾ ಹರಿದು, ಒಳಗಿನ ತಿರುಳು ಹಿಂದಕ್ಕೆ ಚಾಚಿ ನರದ ಬೇರನ್ನು ಕೆಣಕಿದಾಗ ನೋವು ಪಿರ್ರೆಯಿಂದ ತೊಡೆಯ ಹಿಂಭಾಗಕ್ಕೆ, ಮೀನಖಂಡಕ್ಕೆ, ಪಾದಕ್ಕೆ ಇಳಿಯುತ್ತದೆ. ಇದೇ ಸಯಾಟಿಕಾ. ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲೇ ಈ ತೊಂದರೆ ಹೆಚ್ಚು.

ನೋವಿನ ಪರಿಚಯ ಹಳೆಯದು. ಸುಶ್ರುತ ಸಂಹಿತೆಯ ಗೃಧ್ರಸಿ ಎಂಬ ವಾತರೋಗದಲ್ಲಿ ಕಾಲೆತ್ತಲು ತಡೆಯಾಗುತ್ತದೆ. ಗೃಧ್ರಸಿ ಎಂದರೆ ಡಿಸ್ಕ್ ಜಾರಿಕೆಯೇ ಎಂದು ಈಚಿನ ಕೆಲವು ಬರಹಗಳು ಹೇಳುವುದುಂಟು. ಆದರೆ ಅಲ್ಲಿರುವುದು ಲಕ್ಷಣದ ವರ್ಣನೆ, ಡಿಸ್ಕಿನ ಪ್ರಸ್ತಾಪವಲ್ಲ. 1764ರಲ್ಲಿ ನೇಪಲ್ಸಿನ ದೊಮೆನಿಕೊ ಕೊತುನ್ಯೊ ಈ ನೋವು ಕೀಲಿನದಲ್ಲ, ನರದ್ದು ಎಂದು ಬೇರ್ಪಡಿಸಿದ.

ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಚದಂತೆ ಕಾಲನ್ನು ಮೇಲೆತ್ತಿ ನೋಡುವ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದು ಫ್ರಾನ್ಸಿನ ಶಾರ್ಲ್ ಲಾಸೆಗ್ ಹೆಸರಿನಲ್ಲಿ ಪ್ರಸಿದ್ಧ. ಆದರೆ ಸಯಾಟಿಕಾ ಕುರಿತ ಅವನ 1864ರ ಲೇಖನದಲ್ಲಿ ಈ ಪರೀಕ್ಷೆಯೇ ಇಲ್ಲ. ಅದನ್ನು ವಿವರಿಸಿ ಗುರುವಿನ ಹೆಸರಿಗೆ ಸಲ್ಲಿಸಿದವನು ಶಿಷ್ಯ ಫೋರ್ಸ್ಟ್, 1881ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಸರ್ಬಿಯಾದ ಲಾಜಾ ಲಾಜರೆವಿಚ್ ಇದನ್ನು ಪ್ರಕಟಿಸಿದ್ದ. ತೊಡೆಯ ಸ್ನಾಯುಗಳು ನರವನ್ನು ಅಮುಕುವುದರಿಂದ ನೋವು ಎಂದು ಫೋರ್ಸ್ಟ್ ಬಗೆದರೆ, ನರವೇ ಎಳೆತಕ್ಕೆ ಸಿಕ್ಕುತ್ತದೆ ಎಂದ ಲಾಜರೆವಿಚ್‌ನ ವಿವರಣೆ ನಿಂತಿತು. ಅವನು ಸರ್ಬಿಯನ್ ಸಾಹಿತ್ಯದಲ್ಲಿ ಹೆಸರಾದ ಕಥೆಗಾರನೂ ಹೌದು. ಆ ಕೀರ್ತಿ ಉಳಿದಷ್ಟು ಈ ಕೀರ್ತಿ ಉಳಿಯಲಿಲ್ಲ.

ಡಿಸ್ಕನ್ನೇ ಅಪರಾಧಿಯೆಂದು ಹಿಡಿದವರು ಯಾರು? ಸಾಮಾನ್ಯವಾಗಿ ಸಿಗುವ ಉತ್ತರ ಬಾಸ್ಟನ್ನಿನ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್, 1934. ಇದು ಅರ್ಧ ನಿಜ. ಬರ್ಲಿನ್ನಿನ ಓಪನ್‌ಹೈಮ್ ಮತ್ತು ಕ್ರಾವುಸ ಜಾರಿದ ಡಿಸ್ಕನ್ನು ತೆಗೆದ ಶಸ್ತ್ರಚಿಕಿತ್ಸೆಯ ವರದಿಯನ್ನು 1909ರಲ್ಲೇ ಕೊಟ್ಟಿದ್ದರು. ಆದರೆ ತೆಗೆದ ತುಂಡನ್ನು ಮೃದ್ವಸ್ಥಿಯ ಗೆಡ್ಡೆ ಎಂದುಕೊಂಡರು. ಭಾರ ಎತ್ತುವಾಗ ಡಿಸ್ಕ್ ಸಿಡಿದು ಕಾಲುಗಳ ಸ್ವಾಧೀನ ತಪ್ಪಿ ಸತ್ತವನ ಮರಣೋತ್ತರ ಪರೀಕ್ಷೆಯನ್ನು ಗ್ಲಾಸ್ಗೊದ ಮಿಡಲ್‌ಟನ್ ಮತ್ತು ಟೀಚರ್ 1911ರಲ್ಲಿ ದಾಖಲಿಸಿದರು. 1929ರಲ್ಲಿ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ ಇಬ್ಬರು ರೋಗಿಗಳಲ್ಲಿ ಡಿಸ್ಕಿನಿಂದ ಕಳಚಿದ ತುಂಡುಗಳನ್ನು ಗುರುತಿಸಿ ಸರಿಯಾಗಿಯೇ ಬರೆದ. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಶ್ಮೋರ್ಲ್ ಸಾವಿರಾರು ಶವಗಳ ಬೆನ್ನುಮೂಳೆ ಸೀಳಿ ನೋಡಿ, ಹಿಂದಕ್ಕೆ ಚಾಚಿದ ಡಿಸ್ಕ್‌ಗಳನ್ನು ಕಂಡಿದ್ದ. ಶವಾಗಾರ ಕಂಡದ್ದು ಶಸ್ತ್ರಚಿಕಿತ್ಸಕರನ್ನು ಮುಟ್ಟಿರಲಿಲ್ಲ.

ಮುಟ್ಟಿಸಿದವನು ಬಾರ್. 1932ರ ಡಿಸೆಂಬರಿನಲ್ಲಿ, ಹಿಮದ ಮೇಲೆ ಸ್ಕೀ ಆಡುವಾಗ ಪೆಟ್ಟಾಗಿದ್ದ ಅವನ ರೋಗಿಯೊಬ್ಬನಿಗೆ ಬೆನ್ನಿನೊಳಗೆ ಗೆಡ್ಡೆಯಿದೆಯೆಂಬ ಶಂಕೆಯಿಂದ ಮಿಕ್ಸ್ಟರ್ ಶಸ್ತ್ರಚಿಕಿತ್ಸೆ ಮಾಡಿದ. ಸಿಕ್ಕ ತುಂಡಿನ ಮೇಲೆ ವಾಡಿಕೆಯಂತೆ ಗೆಡ್ಡೆಯ ಚೀಟಿ ಬಿತ್ತು. ಶ್ಮೋರ್ಲ್‌ನ ಕೆಲಸ ಗೊತ್ತಿದ್ದ ಬಾರ್‌ಗೆ ಸಮಾಧಾನವಾಗಲಿಲ್ಲ. ಅದನ್ನು ಮಾಮೂಲಿ ಡಿಸ್ಕಿನ ಅಂಗಾಂಶದ ಪಕ್ಕದಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಎರಡೂ ಒಂದೇ. ಆಸ್ಪತ್ರೆಯಲ್ಲಿ ಗೆಡ್ಡೆಯೆಂದು ಕಾಪಿಟ್ಟ ಹಳೆಯ ಮಾದರಿಗಳನ್ನು ತೆಗೆಸಿ ನೋಡಿದರೆ ಅವುಗಳಲ್ಲೂ ಹಲವು ಡಿಸ್ಕೇ. 19 ಪ್ರಕರಣಗಳ ಅವರ ವರದಿ ಬಂದ ಮೇಲೆ ಸಯಾಟಿಕಾಕ್ಕೆ ಶಸ್ತ್ರಚಿಕಿತ್ಸೆ ರೂಢಿಯಾಯಿತು. ಮೊದಲಿಗರಲ್ಲದಿದ್ದರೂ ತಿರುವು ಇವರದೇ ಎಂಬುದು ನ್ಯಾಯವಾದ ತೀರ್ಮಾನ.

ಶಸ್ತ್ರವಿಲ್ಲದೆ ತಿರುಳನ್ನು ಕರಗಿಸುವ ಯತ್ನ ಆರಂಭವಾದದ್ದು ಪರಂಗಿಕಾಯಿಯ ಹಾಲಿನಿಂದ. ಅದರ ಕಿಣ್ವ ಪಪೇನನ್ನು ಚುಚ್ಚಿದ ಮೊಲಗಳ ನೆಟ್ಟಗಿನ ಕಿವಿಗಳು ಜೋತುಬಿದ್ದುದನ್ನು ಲೂಯಿಸ್ ಥಾಮಸ್ 1956ರಲ್ಲಿ ವರದಿ ಮಾಡಿದ. ಕಿವಿಯ ಮೃದ್ವಸ್ಥಿಯ ಬಿಗಿ ಹೋಗುವುದಾದರೆ ಡಿಸ್ಕಿನದೂ ಹೋಗಬೇಕಲ್ಲ ಎಂಬ ಯೋಚನೆಯಿಂದ, ಅಮೆರಿಕದ ಲೈಮನ್ ಸ್ಮಿತ್ 1963ರಲ್ಲಿ ಅದೇ ಹಾಲಿನ ಕೈಮೊಪಪೇನನ್ನು ರೋಗಿಗಳ ಡಿಸ್ಕಿಗೆ ಚುಚ್ಚಿದ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪ್ರಾಣಾಪಾಯದ ಅಲರ್ಜಿ, ಬೆನ್ನುಹುರಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿ ಬಳಕೆ ಕುಸಿಯಿತು. 2003ರ ಹೊತ್ತಿಗೆ ಅಲ್ಲಿ ಮಾರಾಟ ನಿಂತಿತು. ಬೇರೊಂದು ಕಿಣ್ವ, ಕಾಂಡೊಲಿಯೇಸ್, 2018ರಲ್ಲಿ ಜಪಾನಿನಲ್ಲಿ ಅನುಮತಿ ಪಡೆದಿದೆ.

1970ರ ದಶಕದಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ಶಸ್ತ್ರಚಿಕಿತ್ಸೆಯ ಗಾಯ ಕಿರಿದಾಯಿತು. ಮುಂದೆ ಎಂಡೋಸ್ಕೋಪ್ ಬಂತು. ಎಂಆರ್‌ಐ ಬಂದ ಮೇಲೆ ಹೊಸ ಗೊಂದಲ ಎದ್ದಿತು. ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದ 1994ರ ಅಧ್ಯಯನದಲ್ಲಿ ಶೇ. 52 ಮಂದಿಯ ಡಿಸ್ಕ್ ಉಬ್ಬಿತ್ತು, ಶೇ. 27 ಮಂದಿಯದು ಚಾಚಿತ್ತು. ಹೊರಬಿದ್ದ ತುಂಡು ತಾನಾಗಿ ಕುಗ್ಗುವುದೂ, ದೊಡ್ಡ ತುಂಡೇ ಹೆಚ್ಚಾಗಿ ಕುಗ್ಗುವುದೂ ಚಿತ್ರಗಳಿಂದಲೇ ತಿಳಿಯಿತು. ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸುವ ಪದ್ಧತಿಗೂ ಆಧಾರ ಉಳಿಯಲಿಲ್ಲ: ಎರಡು ವಾರ ಹಾಸಿಗೆ ಹಿಡಿದು ಹೆಚ್ಚಿನ ಲಾಭವಿಲ್ಲವೆಂದು 1999ರ ಡಚ್ ಅಧ್ಯಯನ ತೋರಿಸಿತು.

ಕೊಯ್ಯಬೇಕೇ, ಕಾಯಬೇಕೇ ಎಂಬುದೇ ಉಳಿದ ವಿವಾದ. ನಾರ್ವೆಯ ಹೆನ್ರಿಕ್ ವೆಬರ್‌ನ 1983ರ ವರದಿಯಲ್ಲಿ ಒಂದು ವರ್ಷಕ್ಕೆ ಶಸ್ತ್ರಚಿಕಿತ್ಸೆ ಮುಂದಿತ್ತು. ನಾಲ್ಕು ವರ್ಷಕ್ಕೆ ಗಣನೀಯ ವ್ಯತ್ಯಾಸವಿರಲಿಲ್ಲ. ಅಮೆರಿಕದ ದೊಡ್ಡ ಪ್ರಯೋಗದ 2006ರ ಫಲಿತಾಂಶ ಸ್ಪಷ್ಟವಾಗಲಿಲ್ಲ, ಏಕೆಂದರೆ ರೋಗಿಗಳು ಗುಂಪು ಬದಲಿಸಿದರು: ಶಸ್ತ್ರಚಿಕಿತ್ಸೆಗೆಂದು ಆರಿಸಿದವರಲ್ಲಿ ಎರಡು ವರ್ಷದೊಳಗೆ ಅದಕ್ಕೊಳಗಾದವರು ಶೇ. 60, ಬೇಡವೆಂಬ ಗುಂಪಿನಲ್ಲಿ ಶೇ. 45. 2007ರ ಡಚ್ ಪ್ರಯೋಗದಲ್ಲಿ 283 ಮಂದಿಯಿದ್ದರು. ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬೇಗ ಚೇತರಿಸಿಕೊಂಡರು. ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಶೇ. 95 ಮಂದಿ ಗುಣವಾಗಿದ್ದರು. ಕಾಯುವ ಗುಂಪಿನ ಶೇ. 39 ಮಂದಿ ನಡುವೆ ಶಸ್ತ್ರಚಿಕಿತ್ಸೆಗೆ ಹೋಗಿದ್ದರೆಂಬುದನ್ನು ಈ ಅಂಕಿಯ ಜೊತೆಗೇ ಓದಬೇಕು.

ಒಂದು ಸ್ಥಿತಿಗೆ ಈ ವಿವಾದ ಅನ್ವಯಿಸುವುದಿಲ್ಲ. ಜಾರಿದ ಡಿಸ್ಕ್ ಬೆನ್ನುಹುರಿಯ ಕೊನೆಯ ನರಗುಚ್ಛವನ್ನೇ ಅಮುಕಿ ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ಗುದ ಮತ್ತು ಜನನಾಂಗದ ಸುತ್ತ ಜೋಮು ಹಿಡಿದರೆ ಅದು ತುರ್ತುಸ್ಥಿತಿ; ಕೂಡಲೇ ಆಸ್ಪತ್ರೆಗೆ ಹೋಗಬೇಕು.