ಕಾಯವೇ ವೀಣೆ: ಗವಾಯಿಗಳ ಪರಂಪರೆಯಲ್ಲಿ ಕಂಠಸಾಧನೆ

ತಮ್ಮ ದೇಹವನ್ನೇ ವೀಣೆಯಾಗಿಸಿ ನುಡಿಸಬೇಕೆಂದು ವಿಶ್ವಗುರು ಬಸವಣ್ಣನವರು ವಚನವೊಂದರಲ್ಲಿ ಕೂಡಲಸಂಗಮದೇವನನ್ನು ಪ್ರಾರ್ಥಿಸಿದ್ದಾರೆ. ಇದು ಭಕ್ತಿಯ ಪರಾಕಾಷ್ಠೆಯಷ್ಟೇ ಅಲ್ಲ, ಗಾಯನದ ಮರ್ಮವೂ ಹೌದು. ತಂತಿಯನ್ನು ಅತಿಯಾಗಿ ಬಿಗಿದರೆ ಹರಿಯುತ್ತದೆ, ಸಡಿಲಬಿಟ್ಟರೆ ಶ್ರುತಿ ತಪ್ಪುತ್ತದೆ. ಕಂಠಕ್ಕೂ ಇದೇ ನಿಯಮ.

ಈ ಸತ್ಯವನ್ನು ಬದುಕಾಗಿಸಿಕೊಂಡವರು ಗಾನಯೋಗಿ ಪಂಚಾಕ್ಷರ ಗವಾಯಿಗಳು (1892–1944). ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಅವರಲ್ಲಿದ್ದ ನಾದಶಕ್ತಿಯನ್ನು ಗುರುತಿಸಿ ಪೋಷಿಸಿದವರು ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು. ಗವಾಯಿಗಳು ಮೊದಲು ಕರ್ನಾಟಕ ಸಂಗೀತವನ್ನು, ಬಳಿಕ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನು ಅಭ್ಯಸಿಸಿದರು. ವಚನಗಾಯನಕ್ಕೆ ಘನತೆ ತಂದ ಮಲ್ಲಿಕಾರ್ಜುನ ಮನ್ಸೂರರೂ ಇದೇ ಗುರುವಿನ ಶಿಷ್ಯರು.

ಈ ಪರಂಪರೆಯಲ್ಲಿ ಸಾಧನೆ ಮೇಲಿನಿಂದಲ್ಲ, ಕೆಳಗಿನಿಂದ ಆರಂಭವಾಗುತ್ತದೆ. ನಸುಕಿನಲ್ಲಿ ತಂಬೂರಿಯ ಶ್ರುತಿಗೆ ಮಂದ್ರಸ್ಥಾಯಿಯ ಸ್ವರಗಳನ್ನು ಒಂದೊಂದಾಗಿ, ಒಂದೇ ಉಸಿರಿನಲ್ಲಿ ನಿಲ್ಲಿಸುವುದು ಖರಜ ಸಾಧನೆ. ಮಂದ್ರದಲ್ಲಿ ಧ್ವನಿತಂತುಗಳು ಸಡಿಲಗೊಂಡು ನಿಧಾನವಾಗಿ ಕಂಪಿಸುತ್ತವೆ. ಅಲ್ಲಿ ಕೂಗಿ ಗೆಲ್ಲಲಾಗದು. ಉಸಿರು ಹತೋಟಿಯಲ್ಲಿದ್ದರಷ್ಟೇ ಸ್ವರ ನಿಲ್ಲುತ್ತದೆ. ಅನಂತರ ಬಾಯಿತೆರೆದು, ದವಡೆಯನ್ನು ಬಿಗಿಯದೆ ಹಾಡುವ ಆಕಾರ. ಮುಂದೆ ವಿಳಂಬ, ಮಧ್ಯ, ದ್ರುತ ಕಾಲಗಳಲ್ಲಿ ಅಲಂಕಾರಗಳು. ತಾರಸ್ವರದ ಸರದಿ ಕೊನೆಗೆ. ದಣಿದ ಕಂಠವನ್ನು ಒತ್ತಾಯಿಸಿದರೆ ಧ್ವನಿತಂತುಗಳು ಊದಿಕೊಂಡು ಸ್ವರ ಒಡೆಯುತ್ತದೆ. ಆಗ ಮೌನವೂ ಸಾಧನೆಯೇ.

ಗವಾಯಿಗಳಿಗೆ ಇದು ಕೇವಲ ಕಲೆಯ ಪ್ರಶ್ನೆಯಾಗಿರಲಿಲ್ಲ. ಬಡ ಮನೆಯ ಅಂಧ ಬಾಲಕನಿಗೆ ಭಿಕ್ಷೆಯ ಹೊರತು ಬೇರೆ ದಾರಿ ಕಾಣದಿದ್ದ ಕಾಲವದು. ಅಂಥ ಮಕ್ಕಳಿಗೆ ಅನ್ನವಿಟ್ಟು, ವಿದ್ಯೆಯಿತ್ತು, ಕಂಠವನ್ನೇ ಕಾಯಕದ ಸಾಧನವಾಗಿಸಿದರು. ಹಸಿದವನಿಗೆ ಒಂದು ಹೊತ್ತಿನ ಊಟ ನೀಡುವುದು ದಾನ. ಸ್ವಂತ ಕಾಲ ಮೇಲೆ ನಿಲ್ಲುವಂತೆ ಮಾಡುವುದು ದಾಸೋಹ. ಎಳವೆಯಲ್ಲಿ ತಂದೆಯನ್ನು ಕಳೆದುಕೊಂಡ ಬಸವರಾಜ ರಾಜಗುರು ಅವರು ಗವಾಯಿಗಳ ಆಶ್ರಯದಲ್ಲಿ ಬೆಳೆದು ನಾಡಿನ ಅಗ್ರಗಣ್ಯ ಗಾಯಕರಾದರು. ಗವಾಯಿಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ 2010ರವರೆಗೆ ಈ ದೀಪವನ್ನು ಉರಿಸಿದರು.

ಮಠದ ಪ್ರಾರ್ಥನೆಯಲ್ಲಿ ದನಿಗೂಡಿಸುವ ಶರಣ ಬಂಧುಗಳಿಗೂ ಈ ದಾರಿ ತೆರೆದೇ ಇದೆ. ನಿತ್ಯ ಇಷ್ಟಲಿಂಗ ಪೂಜೆಯ ಬಳಿಕ ಹತ್ತು ನಿಮಿಷ ಮಂದ್ರ ಷಡ್ಜದಲ್ಲಿ ನಿಂತರೂ ಸಾಕು. ಎತ್ತರದ ದನಿಯನ್ನು ಬೇಡುವ ಮುನ್ನ ಕೆಳಗಿನ ಸ್ವರಕ್ಕೆ ಬಾಗಬೇಕು. ಕಿಂಕರಭಾವವಿಲ್ಲದೆ ಭಕ್ತಿಯಿಲ್ಲ, ಮಂದ್ರವಿಲ್ಲದೆ ಗಾನವಿಲ್ಲ.