ಅಂಕಿತವಿಲ್ಲದೆ ಬಂದ ಆಟಗಳು

ಈಚಿನ ಒಂದೆರಡು ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಒಂದು ಹೊಸ ಹವ್ಯಾಸ ಅಂಟಿಕೊಂಡಿದೆ. ಎಲ್ಲರೂ ನಲವತ್ತರ ಆಸುಪಾಸಿನವರು, ಸಂಸಾರಸ್ಥರು. ಅಂಗೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರವೊಂದನ್ನು ತರಿಸಿಕೊಂಡು, ಬಾಲ್ಯದಲ್ಲಿ ಆಡಿದ ವಿಡಿಯೋ ಗೇಮುಗಳನ್ನು ಮತ್ತೆ ಆಡುತ್ತಿದ್ದಾರೆ. ಅವರಲ್ಲೊಬ್ಬ ಯುಗಾದಿಗೆ ಊರಿಗೆ ಬಂದಾಗ, "ಸರ್, ಸಾವಿರಾರು ರೂಪಾಯಿ ಕೊಟ್ಟು ಹಳೇ ಆಟ ತಗೊಂಡೀನಂತ ಮನ್ಯಾಗ ಎಲ್ಲಾರೂ ನಗಾಕತ್ತಾರ್ರೀ. ನೀವರ ಹೇಳ್ರಿ, ತಗೊಂಡದ್ದು ತಪ್ಪೇನ್ರಿ?" ಎಂದು ಕೇಳಿದ. ಇತಿಹಾಸ ಕಲಿಸಿದ ಮಾಸ್ತರನಿಗೆ ಇಂಥ ಪ್ರಶ್ನೆ ಹಾಕಿದರೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲವೆಂಬುದು ನಿಮಗೆಲ್ಲ ಗೊತ್ತೇ ಇದೆ. ಅವನು ಕೊಂಡದ್ದು ಏನನ್ನು ಎಂಬುದು ತಿಳಿದ ಮೇಲಲ್ಲವೇ ಸರಿ ತಪ್ಪಿನ ಮಾತು? ಆದ್ದರಿಂದ ಆ ವಸ್ತುವಿನ ಪೂರ್ವಚರಿತ್ರೆಯನ್ನು ತುಸು ವಿವರವಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನಮ್ಮ ಮನೆಯಂಗಳದಿಂದಲೇ ಹೊರಡೋಣ. ಚೌಕಾಬಾರ, ಹುಲಿ-ಕುರಿ, ಅಳಗುಳಿ ಮಣೆ ಇವುಗಳನ್ನು ಆಡದೆ ಬೆಳೆದವರು ನನ್ನ ಓರಗೆಯವರಲ್ಲಿ ಇರಲಾರರು. ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಮನೆ ಬರೆದು, ಹುಣಸೆ ಬೀಜವನ್ನು ಒಂದು ಬದಿ ತೇಯ್ದರೆ ಸಾಕು, ಆಟದ ಸಾಮಗ್ರಿಯೆಲ್ಲ ಸಿದ್ಧವಾದಂತೆ. ಈ ಆಟಗಳನ್ನು ಯಾರು ರಚಿಸಿದರೆಂದು ನಾವು ಯಾರನ್ನೂ ಕೇಳಲಿಲ್ಲ, ಕೇಳಿದ್ದರೂ ಉತ್ತರ ಇರುತ್ತಿರಲಿಲ್ಲ. ಹಂಪಿಯ ಹಾಸುಗಲ್ಲುಗಳ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ನೋಡಬಹುದು. ಕೊರೆದವರ ಹೆಸರು ಅಲ್ಲಿಲ್ಲ. ಜನಪದ ಹಾಡಿನಂತೆ ಆಟವೂ ಎಲ್ಲರದು.

ಇದಕ್ಕೆ ಅಪವಾದವೂ ಉಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದಲ್ಲಿ ಕುದುರೆಯು ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಸುತ್ತಿಬರುವ ನಡೆಗಳನ್ನು ರಚಿಸಿದರು. ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಹೂಡಿದರು. ಅವರ ಶ್ರೀತತ್ತ್ವನಿಧಿಯ ಒಂದು ಭಾಗಕ್ಕೆ ಕೌತುಕನಿಧಿಯೆಂದೇ ಹೆಸರು. ಆಟಕ್ಕೂ ಒಬ್ಬ ಕರ್ತೃ ಇರಬಹುದು, ಅವನ ಹೆಸರನ್ನು ಆಟದೊಂದಿಗೆ ಉಳಿಸಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಿಗುವ ನಿದರ್ಶನವಿದು. ಆದರೆ ಆತ ಅರಸ. ಕಟ್ಟೆಯ ಮೇಲೆ ಆಡುವವರ ಪಾಲಿಗೆ ಆಟವು ಅನಾಮಧೇಯವಾಗಿಯೇ ಉಳಿಯಿತು.

ಇನ್ನು ಜಪಾನಿಗೆ ಹೋಗೋಣ. ಎಲೆಯಾಟದಿಂದಲೇ ಅಲ್ಲಿಯ ಕಥೆಯೂ ಮೊದಲಾಗುತ್ತದೆ. 1889ರಲ್ಲಿ ಕ್ಯೋಟೋ ನಗರದಲ್ಲಿ ಫುಸಾಜಿರೋ ಯಾಮೌಚಿ ಎಂಬಾತ ಹೂವಿನ ಚಿತ್ರಗಳುಳ್ಳ ಹನಾಫುದಾ ಎಲೆಗಳನ್ನು ತಯಾರಿಸುವ ಅಂಗಡಿ ತೆರೆದ. ಅದೇ ಮುಂದೆ ನಿಂಟೆಂಡೋ ಕಂಪನಿಯಾಯಿತು. 1965ರಲ್ಲಿ ಗುನ್ಪೈ ಯೊಕೊಯಿ ಎಂಬ ಯುವಕ ಅಲ್ಲಿ ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮುಂದೊಮ್ಮೆ ರೈಲಿನಲ್ಲಿ ಹೋಗುವಾಗ, ಬೇಸರ ಕಳೆಯಲು ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕುಳಿತಿದ್ದ ಪ್ರಯಾಣಿಕನೊಬ್ಬನನ್ನು ಕಂಡು ಅವನಿಗೆ ಅಂಗೈ ಆಟದ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಆ ಹೊತ್ತಿಗೆ ಕ್ಯಾಲ್ಕ್ಯುಲೇಟರಿನ ದ್ರವಸ್ಫಟಿಕ ಪರದೆಗಳು ಅಗ್ಗವಾಗಿದ್ದವು. 1980ರಲ್ಲಿ 'ಗೇಮ್ ಆಂಡ್ ವಾಚ್' ಮಾರುಕಟ್ಟೆಗೆ ಬಂದಿತು. 1982ರಲ್ಲಿ ಅದೇ ಮಾಲೆಯ 'ಡಾಂಕಿ ಕಾಂಗ್' ಯಂತ್ರಕ್ಕೆ ಯೊಕೊಯಿ ಕೂಡಿಸುವ ಚಿಹ್ನೆಯ ಆಕಾರದ ಒಂದು ಗುಂಡಿಯನ್ನು ಜೋಡಿಸಿದ. ಎಡ, ಬಲ, ಮೇಲೆ, ಕೆಳಗೆ ನಾಲ್ಕು ದಿಕ್ಕುಗಳೂ ಒಂದೇ ಹೆಬ್ಬೆರಳಿನ ವಶಕ್ಕೆ ಬಂದವು.

ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಯೋಚಿಸಿ ಬಳಸಬೇಕೆಂಬುದು ಯೊಕೊಯಿಯ ಸಿದ್ಧಾಂತ. 1989ರ ಏಪ್ರಿಲಿನಲ್ಲಿ ಬಂದ 'ಗೇಮ್ ಬಾಯ್' ಅದರ ದೊಡ್ಡ ಸಾಕ್ಷಿ. ಅದರ ಹಸಿರು ಛಾಯೆಯ ಪರದೆಯಲ್ಲಿ ಬಣ್ಣಗಳೇ ಇರಲಿಲ್ಲ. ಅದೇ ವರ್ಷ ಬಂದ ಅಟಾರಿಯ 'ಲಿಂಕ್ಸ್', ಮರುವರ್ಷ ಬಂದ ಸೇಗಾದ 'ಗೇಮ್ ಗೇರ್' ಎರಡಕ್ಕೂ ಬಣ್ಣದ ಪರದೆಯಿತ್ತು. ಆದರೆ ಅವು ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಅದೂ ಅದರ ಬಣ್ಣದ ಆವೃತ್ತಿಯೂ ಸೇರಿ ಸುಮಾರು 11.87 ಕೋಟಿ ಮಾರಾಟವಾದವು.

ಗೇಮ್ ಬಾಯ್‌ನ ಕೀರ್ತಿಗೆ ಇನ್ನೊಂದು ಕಾರಣವಿತ್ತು. ಅದು ಹುಟ್ಟಿದ್ದು ಮಾಸ್ಕೋದಲ್ಲಿ. 1984ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸೈ ಪಾಜಿಟ್ನೋವ್ 'ಎಲೆಕ್ಟ್ರೋನಿಕಾ 60' ಎಂಬ ಗಣಕದ ಮೇಲೆ ಒಂದು ಆಟ ಬರೆದ. ಆ ಗಣಕದಲ್ಲಿ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಆದ್ದರಿಂದ ಆವರಣ ಚಿಹ್ನೆಗಳನ್ನು ಒತ್ತಟ್ಟಿಗೆ ಇಟ್ಟು ಇಟ್ಟಿಗೆಗಳನ್ನು ಮಾಡಿದ. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಅವುಗಳನ್ನು ತಿರುಗಿಸಿ ಸಾಲು ತುಂಬಿಸಬೇಕು, ತುಂಬಿದ ಸಾಲು ಮಾಯವಾಗುತ್ತದೆ. ಅದೇ 'ಟೆಟ್ರಿಸ್'. ಸರ್ಕಾರಿ ನೌಕರ ಬರೆದದ್ದಾದ್ದರಿಂದ ಅದರ ಹಕ್ಕುಗಳನ್ನು 'ಎಲೋರ್ಗ್' ಎಂಬ ಸರ್ಕಾರಿ ಸಂಸ್ಥೆ ನಿರ್ವಹಿಸಿತು. 1989ರ ಫೆಬ್ರುವರಿಯಲ್ಲಿ ಹೆಂಕ್ ರೋಜರ್ಸ್ ಎಂಬಾತ ಮಾಸ್ಕೋಗೆ ಹೋಗಿ ಅಂಗೈ ಯಂತ್ರದ ಹಕ್ಕು ಪಡೆದ. ಅಮೆರಿಕದಲ್ಲಿ ಪ್ರತಿ ಗೇಮ್ ಬಾಯ್ ಜೊತೆಗೂ ಟೆಟ್ರಿಸ್ ಕೊಟ್ಟರು. ಲೋಕವೆಲ್ಲ ಆಡಿತು, ಆದರೆ ಬರೆದವನ ಕೈಗೆ ಬಹುಕಾಲ ರಾಯಧನ ಬರಲಿಲ್ಲ. 1996ರಲ್ಲಿ ಪಾಜಿಟ್ನೋವ್ ಮತ್ತು ರೋಜರ್ಸ್ ಸೇರಿ 'ಟೆಟ್ರಿಸ್ ಕಂಪನಿ'ಯನ್ನು ಕಟ್ಟಿದ ಮೇಲಷ್ಟೇ ಅವನ ಪಾಲು ಅವನಿಗೆ ದಕ್ಕತೊಡಗಿತು.

ಈಗ ಮುಂಡರಗಿಗೆ ಬರುತ್ತೇನೆ. ಗೇಮ್ ಬಾಯನ್ನು ನಮ್ಮೂರಿನ ಯಾವ ಅಂಗಡಿಯಲ್ಲಿಯೂ ನಾನು ಕಂಡವನಲ್ಲ. ನಮ್ಮಲ್ಲಿಗೆ ಬಂದದ್ದು 'ಬ್ರಿಕ್ ಗೇಮ್'. ತೊಂಬತ್ತರ ದಶಕದಲ್ಲಿ ಅನ್ನದಾನೀಶ್ವರ ಮಠದ ಜಾತ್ರೆಯ ಅಂಗಡಿ ಸಾಲುಗಳಲ್ಲಿ, ಬಳೆ, ಬೆಂಡು-ಬತ್ತಾಸು, ತುತ್ತೂರಿಗಳ ನಡುವೆ ಅದು ತೂಗುತ್ತಿತ್ತು. ಹುಬ್ಬಳ್ಳಿ, ಗದಗಿನ ಪೇಟೆಗೆ ಹೋದವರೂ ತರುತ್ತಿದ್ದರು. ಮೇಲೆ '9999 ಇನ್ 1' ಎಂದು ಬರೆದಿದ್ದರೂ ಒಳಗಿದ್ದದ್ದು ಬೆರಳೆಣಿಕೆಯ ಆಟಗಳು. ಉಳಿದದ್ದೆಲ್ಲ ಅವುಗಳದೇ ವೇಗದ, ಹಂತದ ಬದಲಾವಣೆ. ಪರದೆಯಲ್ಲಿ ಅಡ್ಡಕ್ಕೆ ಹತ್ತು, ಉದ್ದಕ್ಕೆ ಇಪ್ಪತ್ತು ಚೌಕ. ಟೆಟ್ರಿಸ್ ಆಡುವ ಅಂಕಣದ ಅಳತೆಯೂ ಅದೇ.

ಟಿವಿಗೆ ಜೋಡಿಸುವ ವಿಡಿಯೋ ಗೇಮು ಉಳ್ಳವರ ಮನೆಯಲ್ಲಷ್ಟೇ ಇತ್ತು. ಅದಕ್ಕೆ ಟಿವಿಯೂ ಬೇಕು, ಕರೆಂಟೂ ಬೇಕು. ಬೇಸಿಗೆಯಲ್ಲಿ ಕರೆಂಟು ಹೋದ ಮೇಲೆ ಯಾವಾಗ ಬಂದೀತೆಂದು ಹೇಳುವವರಿಲ್ಲದ ಊರಿನಲ್ಲಿ ಎರಡು ಸೆಲ್ಲಿನ ಈ ಆಟಿಕೆಗೆ ಬಹಳ ಬೆಲೆಯಿತ್ತು. ಒಬ್ಬ ಆಡಿದರೆ ನಾಲ್ವರು ಹೆಗಲ ಮೇಲಿಂದ ಇಣುಕುತ್ತಿದ್ದರು. ತರಗತಿಗೆ ತಂದವರಿಂದ ಇಸಿದುಕೊಂಡು ಮೇಜಿನ ಖಾನೆಯಲ್ಲಿಟ್ಟು, ಪರೀಕ್ಷೆ ಮುಗಿದ ಮೇಲೆ ತಂದೆಯವರ ಕೈಗೆ ಕೊಟ್ಟದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಆ ಆಟಿಕೆಯ ಮೇಲೆ ಪಾಜಿಟ್ನೋವ್‌ನ ಹೆಸರಿರಲಿಲ್ಲ. ಟೆಟ್ರಿಸ್ ಎಂಬ ಹೆಸರೂ ಇರಲಿಲ್ಲ. ಟಿವಿ ಗೇಮಿನ ಕಥೆಯೂ ಇದೇ. 1983ರಲ್ಲಿ ಜಪಾನಿನಲ್ಲಿ ಬಂದ 'ಫ್ಯಾಮಿಲಿ ಕಂಪ್ಯೂಟರ್' ಯಂತ್ರದ ನಕಲುಗಳು ತೈವಾನ್ ಮತ್ತು ಚೀನಾಗಳಲ್ಲಿ ತಯಾರಾಗಿ ನಮ್ಮ ಪೇಟೆಗಳಿಗೂ ಬಂದವು. ನಾವು 'ಕ್ಯಾಸೆಟ್' ಎನ್ನುತ್ತಿದ್ದ ಪೆಟ್ಟಿಗೆಯೊಂದರಲ್ಲಿ ನೂರಾರು ಆಟ ತುಂಬುವಾಗ ಮೊದಲ ಪರದೆಯಲ್ಲಿದ್ದ ಕಂಪನಿಯ ಹೆಸರನ್ನೂ ಇಸವಿಯನ್ನೂ ಅನೇಕ ಸಲ ಅಳಿಸಿಬಿಡುತ್ತಿದ್ದರು. 'ಮಾರಿಯೋ' ಎಂದರೆ ಊರಿನ ಹುಡುಗರಿಗೆಲ್ಲ ಗೊತ್ತು. ಅದನ್ನು 1985ರಲ್ಲಿ ರೂಪಿಸಿದ ಶಿಗೇರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಗೊತ್ತಿಲ್ಲ. ಮುಂದೆ ನೋಕಿಯಾ ಫೋನುಗಳಲ್ಲಿ ಹಾವಿನಾಟ ಬಂದಿತು. 1997ರಲ್ಲಿ 6110 ಮಾದರಿಯ ಫೋನಿಗಾಗಿ ಅದನ್ನು ಬರೆದವನು ಟನೆಲಿ ಅರ್ಮಾಂಟೋ ಎಂಬ ಫಿನ್ಲೆಂಡಿನ ಎಂಜಿನಿಯರ್. ಆ ಹೆಸರನ್ನೂ ಯಾರೂ ನಮಗೆ ಹೇಳಲಿಲ್ಲ. ಚೌಕಾಬಾರವನ್ನು ಸ್ವೀಕರಿಸಿದಂತೆಯೇ ನಾವು ಇವೆಲ್ಲವನ್ನೂ ಸ್ವೀಕರಿಸಿದೆವು. ಕರ್ತೃವುಳ್ಳ ಕೃತಿಗಳು ನಮ್ಮೂರಿಗೆ ಜನಪದದ ವೇಷದಲ್ಲಿ ಬಂದವು.

ಪ್ರತಿ ಮಾಡುವುದು ನಮ್ಮ ಪರಂಪರೆಗೆ ಹೊಸದಲ್ಲ. ನಮ್ಮ ಜಿಲ್ಲೆಯ ಹೆಮ್ಮೆಯನ್ನೇ ತೆಗೆದುಕೊಳ್ಳಿ. 15ನೆಯ ಶತಮಾನದ ಕುಮಾರವ್ಯಾಸನ ಗದುಗಿನ ಭಾರತ ಅಚ್ಚಿನ ಯಂತ್ರ ಬರುವ ತನಕ ಉಳಿದುಬಂದದ್ದು ಓಲೆಗರಿಯ ಮೇಲೆ ಪ್ರತಿ ಮಾಡಿದವರಿಂದ. ಒಂದು ಓಲೆ ಹುಳ ಹಿಡಿದು ಹೋಗುವುದರೊಳಗೆ ಇನ್ನೊಂದು ಸಿದ್ಧವಾಗುತ್ತಿತ್ತು. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಟ್ಟುಗಳನ್ನು ಹುಡುಕಿ ತೆಗೆದು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಲು ಸಾಧ್ಯವಾದದ್ದೂ ಹಿಂದಿನ ಲಿಪಿಕಾರರ ದುಡಿಮೆಯಿಂದಲೇ. ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಆ ಲಿಪಿಕಾರರು ಅಂಕಿತವನ್ನು ಉಳಿಸಿದರು. 'ಕೂಡಲಸಂಗಮದೇವ' ಎಂದು ಕೊನೆಯಲ್ಲಿದ್ದರೆ ಬಸವಣ್ಣನವರದು, 'ಗುಹೇಶ್ವರ' ಎಂದಿದ್ದರೆ ಅಲ್ಲಮನದು ಎಂದು ಇಂದು ನಾವು ಗುರುತಿಸಬಲ್ಲೆವು. ಕುಮಾರವ್ಯಾಸನ ಕಾವ್ಯವೂ ಗದುಗಿನ ವೀರನಾರಾಯಣನ ಅಂಕಿತವನ್ನು ಹೊತ್ತೇ ನಮ್ಮ ಕೈಸೇರಿತು. ಜಾತ್ರೆಯ ಆಟಿಕೆ ಪ್ರತಿ ಮಾಡಿತು, ಅಂಕಿತವನ್ನು ಕಿತ್ತುಹಾಕಿತು. ನನ್ನ ತಕರಾರು ಇರುವುದು ಅಲ್ಲಿ.

ಇನ್ನು ನನ್ನ ವಿದ್ಯಾರ್ಥಿ ಕೊಂಡ ಯಂತ್ರದ ವಿಚಾರ. ಇಂಥವು ಹೆಚ್ಚಾಗಿ ಚೀನಾದಿಂದ ಬರುತ್ತವೆ. ಆನ್ಬರ್ನಿಕ್, ಮಿಯೂ ಮುಂತಾದ ಹೆಸರುಗಳಿವೆ. ಸ್ಮಾರ್ಟ್‌ಫೋನುಗಳಿಂದಾಗಿ ಅಗ್ಗವಾದ ಚಿಪ್ಪು ಮತ್ತು ಪರದೆಗಳಿಂದ ಇವು ತಯಾರಾಗುತ್ತವೆ. ಯೊಕೊಯಿಯ ಸಿದ್ಧಾಂತವೇ ಇಲ್ಲಿಯೂ ನಡೆದಿದೆ. ಒಳಗಿರುವ ಎಮ್ಯುಲೇಟರ್ ಎಂಬ ತಂತ್ರಾಂಶವು ಹಳೆಯ ಯಂತ್ರದ ನಡೆನುಡಿಯನ್ನು ಯಥಾವತ್ತಾಗಿ ಅನುಕರಿಸುತ್ತದೆ. ಆಟವು ತಾನು ಹಳೆಯ ಯಂತ್ರದಲ್ಲಿಯೇ ಇದ್ದೇನೆಂದು ಭಾವಿಸಿ ನಡೆಯುತ್ತದೆ. ಯಂತ್ರವನ್ನಾಗಲಿ ಎಮ್ಯುಲೇಟರನ್ನಾಗಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ತೊಡಕಿರುವುದು ಅದರ ಜೊತೆಗೆ ಬರುವ ಮೆಮೊರಿ ಕಾರ್ಡಿನಲ್ಲಿ. ಸಾವಿರಾರು ಆಟಗಳನ್ನು ಯಾರ ಅನುಮತಿಯೂ ಇಲ್ಲದೆ ಅದರಲ್ಲಿ ತುಂಬಿರುತ್ತಾರೆ. '9999 ಇನ್ 1' ಇನ್ನೊಂದು ರೂಪದಲ್ಲಿ ಮರಳಿ ಬಂದಿದೆ ಎನ್ನಬಹುದು.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಮು 'ಸಾಹಿತ್ಯ ಕೃತಿ'ಯೆಂಬ ವ್ಯಾಖ್ಯೆಯೊಳಗೆ ಸೇರಿದೆ. ಕಾನೂನಿನ ಕಣ್ಣಿನಲ್ಲಿ ಆಟದ ಪ್ರೋಗ್ರಾಮು ಕಥೆ-ಕಾದಂಬರಿಗಳ ಸಾಲಿನಲ್ಲಿಯೇ ಕೂರುತ್ತದೆ. ಸಾಹಿತ್ಯ ಕೃತಿಯ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷ ಇರುತ್ತದೆ. ನ್ಯಾಯವಾಗಿ ಪಡೆದ ಪ್ರೋಗ್ರಾಮು ಕೆಟ್ಟುಹೋದೀತೆಂದು ಒಂದು ರಕ್ಷಣಾ ಪ್ರತಿ ಮಾಡಿಕೊಳ್ಳಲು ಅದೇ ಕಾಯ್ದೆ ಅವಕಾಶ ಕೊಡುತ್ತದೆ. ಪರರದ್ದನ್ನು ಸಾವಿರಗಟ್ಟಲೆ ತುಂಬಿ ಮಾರಲು ಕೊಡುವುದಿಲ್ಲ.

ಹಾಗೆಂದು ಹಳೆಯ ಆಟಗಳು ನ್ಯಾಯವಾಗಿ ಸಿಗುತ್ತವೆಯೇ ಎಂದರೆ, ಬಹುಪಾಲು ಸಿಗುವುದಿಲ್ಲ. ಅಮೆರಿಕದ 'ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್' 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ 87 ಪ್ರತಿಶತ ಈಗ ಮಾರಾಟದಲ್ಲಿಯೇ ಇಲ್ಲ. ಅದೇ ವರ್ಷದ ಮಾರ್ಚಿನಲ್ಲಿ ನಿಂಟೆಂಡೋ ತನ್ನ ಎರಡು ಹಳೆಯ ಯಂತ್ರಗಳ ಅಂತರ್ಜಾಲ ಅಂಗಡಿಯಲ್ಲಿ ಮಾರಾಟವನ್ನು ನಿಲ್ಲಿಸಿತು. ನೂರು ಪುಸ್ತಕಗಳಲ್ಲಿ ಎಂಬತ್ತೇಳು ಯಾವ ಅಂಗಡಿಯಲ್ಲಿಯೂ ಸಿಗದ ಭಾಷೆಯೊಂದನ್ನು ಊಹಿಸಿಕೊಳ್ಳಿ. ಅಂಥಲ್ಲಿ ಲಿಪಿಕಾರನನ್ನು ಪೂರ್ತಿ ಕಳ್ಳನೆನ್ನಲು ನನಗೆ ಮನಸ್ಸು ಬಾರದು. ಅವನು ಇಲ್ಲದಿದ್ದರೆ ಎಷ್ಟೋ ಆಟಗಳು ಓಲೆಗರಿಯಂತೆ ಪುಡಿಯಾಗಿರುತ್ತಿದ್ದವು.

ಇಷ್ಟೆಲ್ಲ ಹೇಳಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಮಾಸ್ತರಿಕೆ ಅಪೂರ್ಣವಾದೀತು. ಯಂತ್ರ ಕೊಂಡದ್ದು ತಪ್ಪಲ್ಲ. ಮನೆಯವರು ನಕ್ಕರೆ ನಗಲಿ. ಹಳೆಯ ಕಾವ್ಯವನ್ನು ಮತ್ತೆ ಓದುವವನನ್ನು ನೋಡಿ ಯಾರೂ ನಗುವುದಿಲ್ಲವಷ್ಟೆ. ಜೊತೆಗೆ ಬಂದ ಕಾರ್ಡನ್ನು ಮಾತ್ರ ತೆಗೆದಿಡಲಿ. ಕೊಳ್ಳಲು ಸಿಗುವ ಆಟವನ್ನು ಕೊಂಡೇ ಆಡಲಿ. ಅನುಮತಿ ಪಡೆದ ಆಟಗಳನ್ನೇ ಪೆಟ್ಟಿಗೆಗಳಲ್ಲಿ ಮಾರುವ 'ಎವರ್ಕೇಡ್' ಎಂಬ ಯಂತ್ರ 2020ರಿಂದ ಇದೆ. 2017ರಲ್ಲಿ ಬಂದ 'ಟೋಬು ಟೋಬು ಗರ್ಲ್'ನಂತೆ ಗೇಮ್ ಬಾಯ್‌ಗೆಂದೇ ಹೊಸದಾಗಿ ಬರೆದು ಮುಕ್ತವಾಗಿ ಹಂಚಿದ ಆಟಗಳೂ ಇವೆ. ಆಡುವಾಗ ಪಕ್ಕದಲ್ಲಿ ಮಕ್ಕಳು ಕುಳಿತಿದ್ದರೆ ಇದನ್ನು ಬರೆದವನು ಇಂಥವನು, ಇಂಥ ಊರಿನವನು ಎಂದು ಒಂದು ಮಾತು ಹೇಳಲಿ. ಹೆಬ್ಬೆರಳ ಕೆಳಗಿರುವ ಆ ಕೂಡಿಸುವ ಚಿಹ್ನೆಯ ಗುಂಡಿ 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಯೊಕೊಯಿಯ ಕೊಡುಗೆಯೆಂದು ತಿಳಿಸಲಿ. ಜಾತ್ರೆಯ ಆಟಿಕೆ ಅಳಿಸಿದ್ದನ್ನು ಅಷ್ಟರ ಮಟ್ಟಿಗಾದರೂ ಮತ್ತೆ ಬರೆದಂತಾಗುತ್ತದೆ.

ಕೊನೆಯದಾಗಿ ನಿಮ್ಮಲ್ಲಿ ಶಿಕ್ಷಕರಾಗಿರುವವರಿಗೆ ಒಂದು ಸೂಚನೆ. 2019ರಿಂದ 'ಜಿಬಿ ಸ್ಟುಡಿಯೋ' ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತಿದೆ. ಪ್ರೋಗ್ರಾಮು ಬರೆಯಲು ಬಾರದ ಮಕ್ಕಳೂ ಅದರಿಂದ ಗೇಮ್ ಬಾಯ್‌ನಲ್ಲಿ ಆಡಬಹುದಾದ ಆಟ ಕಟ್ಟಬಹುದು. ಶಾಲೆಯ ಗಣಕ ಕೋಣೆಯಲ್ಲಿ ಒಂದು ಮಧ್ಯಾಹ್ನ ಪ್ರಯತ್ನಿಸಿ ನೋಡಿ. ಕಪ್ಪತಗುಡ್ಡ ಹತ್ತುವ ಆಟವಾಗಲಿ, ಹುಲಿ-ಕುರಿಯಾಗಲಿ, ಮಕ್ಕಳಿಗೆ ತೋಚಿದ್ದನ್ನು ಮಾಡಲಿ. ಮೊದಲ ಪರದೆಯ ಮೇಲೆ ಮಗುವಿನ ಹೆಸರನ್ನೂ ಊರಿನ ಹೆಸರನ್ನೂ ಇಸವಿಯನ್ನೂ ಬರೆಯಿಸುವುದನ್ನು ಮಾತ್ರ ಮರೆಯಬೇಡಿ.