‘ನಾನು’ ಎಂಬ ಪದದ ಲಿಂಗ: ‘ಕಿಮಿ ನೊ ನಾ ವಾ’ ಚಿತ್ರದಲ್ಲಿ ದೇಹದ ಅದಲುಬದಲು ಮತ್ತು ಗಂಡಸುತನ

ಒಬ್ಬರ ಅರಿವು ಇನ್ನೊಬ್ಬರ ದೇಹದಲ್ಲಿ ಕಣ್ಣು ತೆರೆಯುವ ಕಥಾವಸ್ತು ಕನ್ನಡ ಓದುಗರಿಗೆ ಹೊಸದಲ್ಲ. ಉಭಯಭಾರತಿಯ ಪ್ರಶ್ನೆಗಳಿಗೆ ಉತ್ತರ ಅರಸುತ್ತ ಶಂಕರಾಚಾರ್ಯರು ಅಮರುಕ ರಾಜನ ಮೃತದೇಹವನ್ನು ಹೊಕ್ಕರೆಂಬ ಐತಿಹ್ಯ ಪರಕಾಯಪ್ರವೇಶದ ಪ್ರಸಿದ್ಧ ನಿದರ್ಶನ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ದೇವದತ್ತ ಮತ್ತು ಕಪಿಲರ ತಲೆಗಳು ಅದಲುಬದಲಾಗುವುದು ಅದರ ಇನ್ನೊಂದು ರೂಪ. ಆದರೆ ಈ ಎರಡು ಕಥನಗಳಲ್ಲೂ ಗಂಡಿನ ಅರಿವು ಸೇರುವುದು ಗಂಡಿನ ದೇಹವನ್ನೇ ಆದ್ದರಿಂದ, ದೇಹ ಬದಲಾದಾಗ ಗಂಡಸುತನ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಜಪಾನಿನ ಕಥನ ಪರಂಪರೆ ಮಾತ್ರ ಈ ಪ್ರಶ್ನೆಯನ್ನು ಸುಮಾರು ಎಂಟು ಶತಮಾನಗಳಿಗೂ ಹಿಂದಿನಿಂದ ಕೇಳುತ್ತ ಬಂದಿದೆ.

ಈ ಪರಂಪರೆಗೆ ಸೇರಿದ, ಮಕೊತೊ ಶಿಂಕಾಯ್ ನಿರ್ದೇಶನದ ‘ಕಿಮಿ ನೊ ನಾ ವಾ’ 2016ರ ಆಗಸ್ಟ್ 26ರಂದು ಜಪಾನಿನಲ್ಲಿ ಬಿಡುಗಡೆಯಾದ ಅನಿಮೆ, ಅಂದರೆ ಜಪಾನಿ ಶೈಲಿಯ ಅನಿಮೇಷನ್ ಚಿತ್ರ. ಗುಡ್ಡಗಾಡಿನ ಇತೊಮೊರಿ ಎಂಬ ಕಲ್ಪಿತ ಊರಿನ ದೇಗುಲದ ಮನೆತನದಲ್ಲಿ ಹುಟ್ಟಿದ ಮಿತ್ಸುಹಾ, ಟೋಕಿಯೊದಲ್ಲಿ ಓದುತ್ತ ಸಂಜೆ ಇಟಾಲಿಯನ್ ಉಪಾಹಾರ ಗೃಹವೊಂದರಲ್ಲಿ ದುಡಿಯುವ ತಾಕಿ ಎಂಬ ಹುಡುಗ, ಇವರಿಬ್ಬರೂ ಕೆಲವು ದಿನ ಬೆಳಗಾಗೆದ್ದರೆ ಪರಸ್ಪರರ ದೇಹದಲ್ಲಿರುತ್ತಾರೆ. ಈ ಚಿತ್ರವನ್ನು ಪ್ರೇಮಕಥೆಯೆಂದೋ ವಿಕೋಪದ ಕಥೆಯೆಂದೋ ಓದುವುದು ರೂಢಿ. ಗಂಡಸುತನವು ದೇಹಕ್ಕಿಂತ ಮೊದಲು ನಾಲಗೆಯಲ್ಲಿ ನೆಲೆಸಿರುತ್ತದೆ, ಆದ್ದರಿಂದ ಅದನ್ನು ಕಲಿಯಲೂ ತಪ್ಪಲೂ ಸಾಧ್ಯ ಎಂಬ ಸಂಗತಿಯನ್ನು ಚಿತ್ರವು ತನ್ನ ಮೊದಲ ಅರ್ಧದಲ್ಲಿ ತೋರಿಸಿಕೊಡುವ ಬಗೆಯನ್ನು ಈ ಲೇಖನ ಪರಿಶೀಲಿಸುತ್ತದೆ.

ಶಿಂಕಾಯ್ ಅವರೇ ತಮ್ಮ ಪ್ರೇರಣೆಗಳಲ್ಲೊಂದೆಂದು ಹೆಸರಿಸಿರುವ ‘ತೊರಿಕಾಯೆಬಾಯ ಮೊನೊಗತಾರಿ’ ಹೇಯಾನ್ ಯುಗದ ಕೊನೆಯ ಕಾಲದ ಗದ್ಯಕಥನ. ಗಂಡಿನಂತೆ ಬೆಳೆದ ಮಗಳು ಆಸ್ಥಾನದಲ್ಲಿ ಅಧಿಕಾರಿಯಾಗುತ್ತಾಳೆ, ಹೆಣ್ಣಿನಂತೆ ಬೆಳೆದ ಮಗ ರಾಣಿವಾಸ ಸೇರುತ್ತಾನೆ. ಇವರನ್ನು ಅದಲುಬದಲು ಮಾಡುವಂತಿದ್ದರೆ ಎಂದು ತಂದೆ ಬಿಡುವ ನಿಟ್ಟುಸಿರೇ ಕೃತಿಯ ಹೆಸರಾಗಿದೆ. ಅಲ್ಲಿ ದೇಹಗಳು ಇದ್ದಲ್ಲೇ ಇದ್ದು ಸ್ಥಾನಗಳು ಬದಲಾದರೆ, ಶಿಂಕಾಯ್ ಚಿತ್ರದಲ್ಲಿ ಸ್ಥಾನಗಳು ಇದ್ದಲ್ಲೇ ಇದ್ದು ಅವುಗಳಲ್ಲಿ ಕೂರುವ ಅರಿವು ಬದಲಾಗುತ್ತದೆ. ಈ ಎರಡರ ನಡುವೆ, ಹಿಸಾಶಿ ಯಮನಾಕಾ ಅವರ ಮಕ್ಕಳ ಕಾದಂಬರಿಯನ್ನು ಆಧರಿಸಿ ನೊಬುಹಿಕೊ ಒಬಾಯಾಶಿ 1982ರಲ್ಲಿ ನಿರ್ದೇಶಿಸಿದ ‘ತೆಂಕೋಸೆಯ್’ ಮತ್ತು 1987ರಲ್ಲಿ ಧಾರಾವಾಹಿಯಾಗಿ ಆರಂಭವಾದ ರುಮಿಕೊ ತಕಾಹಾಶಿಯವರ ‘ರಾನ್ಮಾ ½’ ಬರುತ್ತವೆ. ತಣ್ಣೀರು ಬಿದ್ದರೆ ಹೆಣ್ಣಾಗಿ, ಬಿಸಿನೀರು ಬಿದ್ದರೆ ಗಂಡಾಗಿ ಮಾರ್ಪಡುವ ರಾನ್ಮಾನಿಗೆ ಅನಿಮೆಯಲ್ಲಿ ಇಬ್ಬರು ಕಲಾವಿದರು ದನಿ ಕೊಟ್ಟರೂ, ಹೆಣ್ಣುದೇಹದಲ್ಲಿಯೂ ಅವನು ತನ್ನನ್ನು ಕರೆದುಕೊಳ್ಳುವುದು ‘ಓರೆ’ ಎಂದೇ. ಕೊರಳು ಬದಲಾದರೂ ಸರ್ವನಾಮ ಬದಲಾಗದು.

ಆ ಸರ್ವನಾಮವನ್ನು ತುಸು ವಿವರಿಸಬೇಕು. ಜಪಾನಿ ಭಾಷೆಯಲ್ಲಿ ‘ನಾನು’ ಎನ್ನಲು ಹಲವು ಪದಗಳಿವೆ: ‘ವತಾಶಿ’ ಸಾಮಾನ್ಯವಾಗಿ ಹೆಂಗಸರ ಮಾತಿನಲ್ಲೂ ಔಪಚಾರಿಕ ಸಂದರ್ಭಗಳಲ್ಲಿ ಎಲ್ಲರ ಬಾಯಲ್ಲೂ ಬರುತ್ತದೆ, ‘ವತಾಕುಶಿ’ ಅತಿವಿನಯದ್ದು, ‘ಬೊಕು’ ಸೌಮ್ಯ ಹುಡುಗನದು, ‘ಓರೆ’ ಗೆಳೆಯರ ಗುಂಪಿನಲ್ಲಿ ಬೀಗುವ ಗಂಡಸಿನದು. ತಾಕಿಯ ದೇಹದಲ್ಲಿರುವ ಮಿತ್ಸುಹಾ ಶಾಲೆಯಲ್ಲಿ ಅವನ ಗೆಳೆಯರೊಡನೆ ಊಟಕ್ಕೆ ಕುಳಿತಾಗ ಮೊದಲು ‘ವತಾಶಿ’ ಎನ್ನುತ್ತಾಳೆ, ಗೆಳೆಯರ ಹುಬ್ಬೇರುತ್ತದೆ. ‘ವತಾಕುಶಿ’ ಎಂದರೂ ಅವರಿಗೆ ಒಪ್ಪಿಗೆಯಿಲ್ಲ, ‘ಬೊಕು’ ಎಂದರೂ ಇಲ್ಲ. ಕೊನೆಗೆ ಅಳುಕುತ್ತ ‘ಓರೆ’ ಎಂದಾಗ ತಲೆದೂಗುತ್ತಾರೆ. ಕೆಲವೇ ಕ್ಷಣಗಳ ಈ ಹಾಸ್ಯಪ್ರಸಂಗದಲ್ಲಿ ಒಂದು ಪರೀಕ್ಷೆಯೇ ನಡೆದುಹೋಗುತ್ತದೆ, ಮತ್ತು ಅದರ ಪರೀಕ್ಷಕರು ಮಿಕ್ಕ ಗಂಡುಹುಡುಗರು ಎಂಬುದು ಗಮನಾರ್ಹ. ಲಿಂಗತ್ವವೆಂಬುದು ಒಳಗಿನಿಂದ ಹೊಮ್ಮುವ ಸತ್ವವಲ್ಲ, ಮತ್ತೆ ಮತ್ತೆ ಮಾಡಿ ತೋರಿಸುವುದರಿಂದ ಗಟ್ಟಿಗೊಳ್ಳುವ ವರ್ತನೆ ಎಂದು ಜೂಡಿತ್ ಬಟ್ಲರ್ 1990ರಲ್ಲಿ ಮಂಡಿಸಿದ ವಾದಕ್ಕೆ ಇಷ್ಟು ಚಿಕ್ಕದಾದ, ಇಷ್ಟು ನಿಚ್ಚಳವಾದ ಉದಾಹರಣೆ ಸಿಗುವುದು ಅಪರೂಪ. ಆಡುವವರು ಎಂಥವರೆಂಬುದನ್ನು ಕೇಳಿದೊಡನೆ ಕಣ್ಣಿಗೆ ಕಟ್ಟಿಸುವ ಇಂಥ ನುಡಿಬಗೆಯನ್ನು ಭಾಷಾಶಾಸ್ತ್ರಜ್ಞ ಸತೋಶಿ ಕಿನ್ಸುಯ್ ‘ಯಾಕುವಾರಿಗೊ’, ಎಂದರೆ ಪಾತ್ರನುಡಿ, ಎಂದು ಕರೆದಿದ್ದಾರೆ. ಜಪಾನಿನ ‘ಹೆಂಗಸರ ಭಾಷೆ’ ಅನಾದಿಯಿಂದ ಬಂದುದಲ್ಲ, ಮೇಜಿ ಕಾಲದ ಆಧುನಿಕತೆಯೊಡನೆ ರೂಪುಗೊಂಡದ್ದು ಎಂಬ ಮಿಯಾಕೊ ಇನೊಉಎ ಅವರ ಅಧ್ಯಯನವನ್ನೂ ಇಲ್ಲಿ ನೆನೆಯಬೇಕು. ಇದೇ ಪ್ರಸಂಗದಲ್ಲಿ ಗೆಳೆಯರು ಅವಳ ಮಾತಿನ ಹಳ್ಳಿಯ ಸೊಗಡನ್ನೂ ಗುರುತಿಸುತ್ತಾರೆಂಬುದು ಕಡೆಗಣಿಸಬಾರದ ವಿವರ. ಅವಳು ಕಲಿಯಬೇಕಾಗಿರುವುದು ಬರಿಯ ಗಂಡಸುತನವನ್ನಲ್ಲ, ಟೋಕಿಯೊದ ಗಂಡಸುತನವನ್ನು.

ಕನ್ನಡದ ಏರ್ಪಾಡು ಇದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ನಮ್ಮ ವ್ಯಾಕರಣಗಳು ‘ನಾನು’ ಎಂಬುದನ್ನು ಉತ್ತಮ ಪುರುಷವೆಂದು ಕರೆದರೂ ಆ ಪದದಲ್ಲಿ ಪುರುಷನೂ ಇಲ್ಲ, ಸ್ತ್ರೀಯೂ ಇಲ್ಲ. ಲಿಂಗ ಇಣುಕುವುದು ಇನ್ನೊಬ್ಬರು ನಮ್ಮ ಬಗ್ಗೆ ಆಡುವಾಗ, ‘ಬಂದನು’, ‘ಬಂದಳು’ ಎಂಬ ಪ್ರಥಮ ಪುರುಷದ ಕ್ರಿಯಾಪದದಲ್ಲಿ. ಜಪಾನಿ ಕ್ರಿಯಾಪದಕ್ಕೆ ಈ ಗೊಡವೆಯೇ ಇಲ್ಲ. ಹೀಗಾಗಿ ಸರ್ವನಾಮದ ಆ ಹಾಸ್ಯವನ್ನು ಕನ್ನಡಕ್ಕೆ ತರುವುದು ಕಷ್ಟ. ಅದಕ್ಕೆ ಬದಲಾಗಿ ಕನ್ನಡದಲ್ಲಿ ಬರೆಯುವವರಿಗೆ ಮೂಲದಲ್ಲಿಲ್ಲದ ಇನ್ನೊಂದು ಇಕ್ಕಟ್ಟು ಎದುರಾಗುತ್ತದೆ. ತಾಕಿಯ ದೇಹದಲ್ಲಿರುವ ಮಿತ್ಸುಹಾ ‘ಎನ್ನುತ್ತಾಳೆ’ ಎಂದು ಮೇಲೆ ಬರೆದಾಗ, ಅಸ್ಮಿತೆ ಇರುವುದು ಅರಿವಿನಲ್ಲಿ, ದೇಹದಲ್ಲಲ್ಲ ಎಂಬ ತೀರ್ಮಾನವನ್ನು ಈ ಲೇಖನ ಸದ್ದಿಲ್ಲದೆ ಕೈಗೊಂಡಿದೆ. ಚಿತ್ರ ಅಷ್ಟು ಅವಸರಪಡುವುದಿಲ್ಲ.

ಉಪಾಹಾರ ಗೃಹದ ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. ಗಿರಾಕಿಯೊಬ್ಬ ತಾಕಿಯ ಹಿರಿಯ ಸಹೋದ್ಯೋಗಿ ಒಕುದೆರಾಳ ಲಂಗವನ್ನು ಕತ್ತರಿಸಿಬಿಡುತ್ತಾನೆ. ಮಿತ್ಸುಹಾ ಅದನ್ನು ಹೊಲಿದು, ಹರಿದಲ್ಲಿ ಒಂದು ಕಸೂತಿಯನ್ನೂ ಮೂಡಿಸುತ್ತಾಳೆ. ಈವರೆಗೆ ತಾಕಿಯನ್ನು ಜಗಳಗಂಟನೆಂದು ಬಗೆದಿದ್ದ ಒಕುದೆರಾ, ಅವನಲ್ಲಿರುವ ಹೆಣ್ತನವನ್ನೇ ಮೆಚ್ಚಿ ಹತ್ತಿರವಾಗುತ್ತಾಳೆ. ದುಡಿಮೆಯೊಂದನ್ನೇ ನೆಚ್ಚಿದ, ಭಾವನೆ ತೋರಗೊಡದ ಕಂಪನಿ ನೌಕರನ ಗಂಡಸುತನ ಜಪಾನಿನಲ್ಲಿ ಕಳೆಗುಂದಿದ ಹೊತ್ತಿನಲ್ಲಿ, 2006ರಲ್ಲಿ ಲೇಖಕಿ ಮಾಕಿ ಫುಕಾಸಾವಾ ‘ಸೋಶೊಕು ದಾನ್ಶಿ’, ಅಂದರೆ ಸಸ್ಯಾಹಾರಿ ಗಂಡು, ಎಂಬ ಪದವನ್ನು ಟಂಕಿಸಿದ್ದರು. ಹೆಣ್ಣಿನ ಬೆನ್ನುಹತ್ತದ ಸೌಮ್ಯ ಯುವಕರಿಗೆ ಆ ಹೆಸರು. ಮಿತ್ಸುಹಾ ರೂಪಿಸಿಕೊಟ್ಟ ತಾಕಿ ಆ ಬಗೆಯ ಗಂಡು. ಅತ್ತ ಮಿತ್ಸುಹಾಳ ದೇಹದಲ್ಲಿರುವ ತಾಕಿ, ತರಗತಿಯಲ್ಲಿ ಗುಸುಗುಸು ಆಡಿದವರ ಎದುರು ಮೇಜನ್ನು ಒದೆದು ಕೆಡವಿ, ಆ ದಿಟ್ಟತನಕ್ಕೇ ಮೆಚ್ಚುಗೆ ಗಳಿಸುತ್ತಾನೆ. ಒಬ್ಬರ ಹಳೆಯ ಗುಣ ಇನ್ನೊಬ್ಬರ ದೇಹದಲ್ಲಿ ಹೊಸ ಆಕರ್ಷಣೆಯಾಗುವ ಈ ವಿನಿಮಯ ಸೊಗಸಾದುದು, ಸ್ವಲ್ಪ ಸಲೀಸಾದುದು ಕೂಡ.

ಸಲೀಸಲ್ಲದ ಕಡೆ ಚಿತ್ರ ಎಡವುತ್ತದೆ. ತಾಕಿ ಹೆಣ್ಣುದೇಹದಲ್ಲಿ ಎಚ್ಚರಗೊಂಡಾಗಲೆಲ್ಲ ಆ ದೇಹವನ್ನು ಮುಟ್ಟಿ ನೋಡಿಕೊಳ್ಳುವುದು ಮರುಕಳಿಸುವ ನಗೆಹನಿಯಾಗಿದೆ. ಮಿತ್ಸುಹಾಳಿಗೆ ಗಂಡುದೇಹ ತರುವುದು ನಾಚಿಕೆಯನ್ನು ಮಾತ್ರ. ಗಂಡಿನ ಕುತೂಹಲಕ್ಕೆ ನಗುವಿನ ರಿಯಾಯಿತಿ, ಹೆಣ್ಣಿನದಕ್ಕೆ ಸಂಕೋಚದ ಮುಸುಕು: ಅದಲುಬದಲಿನ ಕಥನವೂ ಈ ಹಳೆಯ ಲೆಕ್ಕವನ್ನು ಅಳಿಸಿಲ್ಲ.

ಗಂಡಸುತನದ ಮಿತಿ ನಿಜವಾಗಿ ಗೋಚರಿಸುವುದು ತಂದೆಯ ಕಚೇರಿಯಲ್ಲಿ. ಧೂಮಕೇತುವಿನ ತುಣುಕು ಊರಿನ ಮೇಲೆ ಬೀಳಲಿದೆಯೆಂದು ತಿಳಿದ ತಾಕಿ, ಮಿತ್ಸುಹಾಳ ದೇಹದಲ್ಲಿ ಅವಳ ತಂದೆಯ ಎದುರು ನಿಲ್ಲುತ್ತಾನೆ. ತಂದೆ ಆ ಊರಿನ ಮೇಯರ್. ಹೆಂಡತಿ ತೀರಿಕೊಂಡ ಮೇಲೆ ದೇಗುಲವನ್ನು ತೊರೆದು ರಾಜಕಾರಣ ಹಿಡಿದವನು. ಮಗಳಿಗೆ ಬುದ್ಧಿ ಕೆಟ್ಟಿದೆಯೆಂದು ಅವನು ಬಗೆದಾಗ ತಾಕಿ ಅವನ ಟೈಯನ್ನೇ ಹಿಡಿದೆಳೆಯುತ್ತಾನೆ, ತಂದೆ ಬೆಚ್ಚಿ ‘ನೀನು ಯಾರು’ ಎಂದು ಕೇಳುತ್ತಾನೆ. ಅಧಿಕಾರಕ್ಕೆ ಬಲದಿಂದ ಉತ್ತರಿಸುವ ಗಂಡಿನ ರೀತಿ ಅಲ್ಲಿ ಸೋಲುತ್ತದೆ. ಮಿತ್ಸುಹಾ ಆಗಿದ್ದರೆ ಒಪ್ಪಿಸಬಹುದಿತ್ತೇ ಎಂದು ತಾಕಿಯೇ ಕೊರಗುತ್ತಾನೆ. ಮುಂದೆ ಅವಳು ತನ್ನದೇ ದೇಹದಲ್ಲಿ ಮರಳಿ ಬಂದು ತಂದೆಯನ್ನು ಕಾಣುತ್ತಾಳೆ, ಊರು ಉಳಿಯುತ್ತದೆ. ಆದರೆ ಅವಳು ಏನು ಹೇಳಿದಳೆಂಬುದನ್ನು ಚಿತ್ರ ಕೇಳಿಸುವುದಿಲ್ಲ. ‘ಓರೆ’ ಎನ್ನಲು ಅವಳು ಪಟ್ಟ ಪಾಡನ್ನು ಅಷ್ಟು ಬಿಡಿಸಿ ತೋರಿಸಿದ ಕೃತಿ, ಅವಳ ಸ್ವಂತ ಮಾತು ಗೆದ್ದ ಗಳಿಗೆಯನ್ನು ಮೌನದಲ್ಲಿ ದಾಟಿಬಿಟ್ಟದ್ದು ಅದರ ದೊಡ್ಡ ಕೊರತೆಯೆಂದೇ ಹೇಳಬೇಕು.

ವರ್ಷಗಳು ಕಳೆದ ಮೇಲೆ ಟೋಕಿಯೊದ ಮೆಟ್ಟಿಲುಗಳ ಮೇಲೆ, ಒಬ್ಬರನ್ನೊಬ್ಬರು ಮರೆತ ಇಬ್ಬರೂ ಎದುರಾಗಿ ಒಂದೇ ಉಸಿರಿನಲ್ಲಿ ಹೆಸರು ಕೇಳುತ್ತಾರೆ, ಮತ್ತು ಇಬ್ಬರೂ ಬಳಸುವ ಸರ್ವನಾಮ ಒಂದೇ, ‘ಕಿಮಿ’. ಇಂದಿನ ಬಳಕೆಯಲ್ಲಿ ಅದು ಹೆಚ್ಚಾಗಿ ಗಂಡಸರು ಸರೀಕರನ್ನೂ ಕಿರಿಯರನ್ನೂ ಕರೆಯುವ ‘ನೀನು’; ಎಂಟನೆಯ ಶತಮಾನದ ‘ಮನ್ಯೋಶೂ’ ಸಂಕಲನದಲ್ಲಿ ಹೆಚ್ಚಾಗಿ ಹೆಂಗಸರು ತಮ್ಮ ನಲ್ಲರನ್ನು ಕರೆಯುತ್ತಿದ್ದ ಪದ.